1967ರ ಬೀಟಲ್ ಗೇರ್‌ಬಾಕ್ಸ್: ಹಳೆಯ ಕಾರಿಗೆ ಕೂರುತ್ತದೆ, ಒಂಟಿಯಾಗಿ ಅಲ್ಲ

1961ರಿಂದ 66ರವರೆಗಿನ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಹುಡುಕುವವರಿಗೆ ನಮ್ಮ ಮೊದಲ ಸಲಹೆ 1967ರ ಮಾಡೆಲ್‌ನದು, ಅಂದರೆ 1500 ಸಿಸಿ ಎಂಜಿನ್ ಜೊತೆ ಬಂದದ್ದು. ಕಾರಣ ಕ್ರೌನ್-ಪಿನಿಯನ್, ಅಂದರೆ ಆಕ್ಸಲ್‌ಗಳಿಗೆ ಶಕ್ತಿ ದಾಟಿಸುವ ಕೊನೆಯ ಹಲ್ಲುಗಾಲಿ ಜೋಡಿ: ಕ್ರೌನ್ ದೊಡ್ಡದು, ಪಿನಿಯನ್ ಚಿಕ್ಕದು. ಹಳೆಯದರಲ್ಲಿ ಪಿನಿಯನ್‌ನ 8ಕ್ಕೆ ಕ್ರೌನ್‌ನ 35 ಹಲ್ಲು, ಅನುಪಾತ 4.375. ಇದರಲ್ಲಿ 8ಕ್ಕೆ 33, ಅಂದರೆ 4.125. ಟಾಪ್ ಗೇರ್ ಎರಡರಲ್ಲೂ 0.89 ಆದ್ದರಿಂದ, ಹಳೆಯ ಡಬ್ಬದಲ್ಲಿ (ಗೇರ್‌ಬಾಕ್ಸ್‌ನಲ್ಲಿ) ಎಂಜಿನ್ 4000 ಆರ್‌ಪಿಎಂ ತಿರುಗುವ ವೇಗಕ್ಕೆ ಇಲ್ಲಿ ಸುಮಾರು 3770 ಸಾಕು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವಾಗ ಏರ್ ಕೂಲ್ಡ್ ಎಂಜಿನ್‌ಗೆ ಇದು ನಿಜವಾದ ನೆಮ್ಮದಿ.

ಆದರೆ ಮಾರುವವರ ಮಾತು ನಂಬಿ ತರಬೇಡಿ. ಮಾಡೆಲ್ ವರ್ಷ ಆಗಸ್ಟ್‌ನಲ್ಲಿ ಶುರುವಾಗುತ್ತಿತ್ತು, ಹಾಗಾಗಿ 1966ರ ಕೊನೆಯಲ್ಲಿ ತಯಾರಾದ ಕಾರೂ 1967ರ ಮಾಡೆಲ್ಲೇ. ಬೆಂಚ್ ಮೇಲೇ ಪರೀಕ್ಷಿಸಬಹುದು. ಟಾಪ್ ಗೇರ್‌ಗೆ ಹಾಕಿ, ಒಂದು ಆಕ್ಸಲ್ ಅಲುಗದಂತೆ ಹಿಡಿದು ಇನ್ನೊಂದನ್ನು 20 ಸುತ್ತು ತಿರುಗಿಸಿ. ಎರಡು ಆಕ್ಸಲ್‌ಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಕ್ರೌನ್ ತಿರುಗುವುದು 10 ಸುತ್ತು ಮಾತ್ರ. ಕ್ಲಚ್ ಶಾಫ್ಟ್ 36 ಮುಕ್ಕಾಲು ಸುತ್ತಿನ ಹತ್ತಿರ ನಿಂತರೆ 4.125, 39ರ ಹತ್ತಿರ ಹೋದರೆ ಹಳೆಯ 4.375. ಶಾಫ್ಟ್‌ಗೆ ಸೀಮೆಸುಣ್ಣದ ಗೆರೆ ಹಾಕಿಕೊಂಡರೆ ಎಣಿಕೆ ತಪ್ಪುವುದಿಲ್ಲ. ಆಮೇಲೆ ಡ್ರೈನ್ ಪ್ಲಗ್ ಬಿಚ್ಚಿ. ಅದರ ಆಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ. ಹಲ್ಲಿನ ಚೂರು ಸಿಕ್ಕರೆ ಅಲ್ಲಿಗೇ ಬಿಡಿ.

ಮುಖ್ಯವಾದ ತೊಡಕು ಕ್ಲಚ್ ಸುತ್ತಲಿನ ಕವಚವಾದ ಬೆಲ್ ಹೌಸಿಂಗ್ ಹತ್ತಿರ. ಹಳೆಯ 6 ವೋಲ್ಟ್ ಕಾರಿನ ಫ್ಲೈವೀಲ್‌ಗೆ (ಎಂಜಿನ್ ತುದಿಯ ಭಾರದ ಚಕ್ರ) 109 ಹಲ್ಲು, ಕ್ಲಚ್ 180 ಮಿ.ಮೀ. 1967ರಲ್ಲಿ 12 ವೋಲ್ಟ್, 130 ಹಲ್ಲು, 200 ಮಿ.ಮೀ. ಸ್ಟಾರ್ಟರ್ ಶಾಫ್ಟ್ ಕೂರುವ ಬುಷ್ ಕೂಡ ಬೇರೆ: ಹಳೆಯದು 12.5 ಮಿ.ಮೀ., ಹೊಸದು ಸುಮಾರು 11. ಆದ್ದರಿಂದ ಫ್ಲೈವೀಲ್, ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್, ಸ್ಟಾರ್ಟರ್, ಬುಷ್ ಎಲ್ಲವೂ ಒಂದೇ ಸೆಟ್ ಆಗಿ ಬರಬೇಕು. ಸವೆದ ಬುಷ್ ಬಿಟ್ಟು ಹೊಸ ಸ್ಟಾರ್ಟರ್ ಹಾಕಿದರೆ ಶಾಫ್ಟ್ ಓಲಾಡಿ ಕಿರುಚುತ್ತದೆ, ರಿಂಗ್ ಗೇರ್ ಹಲ್ಲು ತಿನ್ನುತ್ತದೆ. ಹಳೆಯ ಡಬ್ಬಕ್ಕೇ 12 ವೋಲ್ಟ್ ಫ್ಲೈವೀಲ್ ಹಾಕುವವರು ಬೆಲ್ ಹೌಸಿಂಗ್ ಒಳಗೋಡೆಯನ್ನು ಗ್ರೈಂಡ್ ಮಾಡಬೇಕಾಗುತ್ತದೆ. 1967ರ ಡಬ್ಬದಲ್ಲಿ ಆ ಕೆಲಸವೇ ಇಲ್ಲ. ನಮ್ಮ ಮಟ್ಟಿಗೆ ಬೆಲೆಗೆ ಸಮರ್ಥನೆ ಇದೊಂದೇ ಸಾಕು. ಕಾರನ್ನು 12 ವೋಲ್ಟ್‌ಗೆ ತರಲು ಬಲ್ಬು, ಕಾಯಿಲ್, ಡೈನಮೋ, ವೈಪರ್ ಮೋಟರ್ ಬದಲಿಸುವ ಖರ್ಚು ಬೇರೆ.

ಫ್ಲೈವೀಲ್ ಬದಲಾದರೆ ಕ್ರ್ಯಾಂಕ್‌ನ ಎಂಡ್ ಪ್ಲೇ (ಅದು ಹಿಂದೆ ಮುಂದೆ ಅಲುಗುವ ಅಂತರ) ಮತ್ತೆ ಅಳೆಯಲೇಬೇಕು. ಮೂರು ಶಿಮ್ (ತೆಳು ಬಿಲ್ಲೆ) ಹಾಕಿ 0.07ರಿಂದ 0.13 ಮಿ.ಮೀ. ಒಳಗೆ ತನ್ನಿ. ಫ್ಲೈವೀಲನ್ನು ಹಿಡಿದಿಡುವ ನಡುವಿನ 36 ಮಿ.ಮೀ. ಗ್ಲ್ಯಾಂಡ್ ನಟ್‌ಗೆ ಸುಮಾರು 300 ನ್ಯೂಟನ್ ಮೀಟರ್ ಬಿಗಿ ಬೇಕು. ಪೈಪ್ ಸೇರಿಸಿ ಅಂದಾಜಿನಲ್ಲಿ ಬಿಗಿದ ನಟ್ ಸಡಿಲವಾಗಿ, ನಾಲ್ಕು ಡೋವೆಲ್ ಪಿನ್‌ಗಳ ತೂತು ಅಗಲವಾಗಿ, ಕೊನೆಗೆ ಕ್ರ್ಯಾಂಕೇ ಹಾಳಾಗುವುದು ಈ ಎಂಜಿನ್‌ನ ಹಳೆಯ ಕಾಯಿಲೆ. ಕ್ಲಚ್ ಬಿಡಿಸಲು ಪ್ರೆಷರ್ ಪ್ಲೇಟನ್ನು ಒತ್ತುವ ರಿಲೀಸ್ ಬೇರಿಂಗ್‌ನಲ್ಲೂ ಎಚ್ಚರ. 1967ರದು ಗೈಡ್ ಟ್ಯೂಬ್ ಇಲ್ಲದ ಹಳೆಯ ಬಗೆ, ಅದಕ್ಕೆ ನಡುವೆ ಉಂಗುರವಿರುವ ಪ್ರೆಷರ್ ಪ್ಲೇಟೇ ಬೇಕು. 1971ರ ನಂತರದ ಉಂಗುರವಿಲ್ಲದ ಪ್ಲೇಟ್ ಇದಕ್ಕೆ ಆಗುವುದಿಲ್ಲ.

ಇನ್ನು ಆಕ್ಸಲ್. 1967ರದು ಉದ್ದ, ಹಿಂಚಕ್ರಗಳ ನಡುವಿನ ಅಗಲ (ಟ್ರ್ಯಾಕ್) 1300ರಿಂದ 1350 ಮಿ.ಮೀ. ಸುಮಾರಿಗೆ ಹೋಗುತ್ತದೆ. ಹಾಗೆಯೇ ಹಾಕಿದರೆ ಅಗಲದ ಟೈರ್ ಮಡ್‌ಗಾರ್ಡ್‌ಗೆ ತಾಗಬಹುದು. ಕಾರಿನ ನಿಲುವು ಮೊದಲಿನಂತೆಯೇ ಇರಬೇಕೆಂದರೆ ನಿಮ್ಮ ಗಿಡ್ಡ ಆಕ್ಸಲ್ ಮತ್ತು ಟ್ಯೂಬ್‌ಗಳನ್ನೇ ವರ್ಗಾಯಿಸಿ. ಆಗ ಪ್ರತಿ ಆಕ್ಸಲ್‌ನ ಜೊತೆ ಅದರದೇ ಸೈಡ್ ಗೇರ್ ಮತ್ತು ಫಲ್ಕ್ರಮ್ ಪ್ಲೇಟ್ (ಆಕ್ಸಲ್ ತುದಿಗೂ ಸೈಡ್ ಗೇರ್‌ಗೂ ನಡುವೆ ಕೂರುವ ಬಿಲ್ಲೆ) ಹೋಗಬೇಕು. ಕಾರ್ಖಾನೆಯಲ್ಲಿ ಅಳತೆ ನೋಡಿ ಬಣ್ಣದ ಗುರುತು ಹಾಕಿ ಜೋಡಿಸಿದವು ಅವು, ಎಡದ್ದು ಬಲಕ್ಕೆ ಬೆರೆಸಬೇಡಿ. ಇಷ್ಟು ರಗಳೆ ಯಾಕೆ, ಕ್ರೌನ್-ಪಿನಿಯನ್ ಮಾತ್ರ ಹಳೆಯ ಡಬ್ಬಕ್ಕೆ ಹಾಕಿದರಾಯಿತಲ್ಲ ಎನ್ನುವವರಿಗೆ: ಪಿನಿಯನ್ ಆಳವನ್ನು ಶಿಮ್‌ನಿಂದ ಹೊಂದಿಸುವ ಗೇಜ್ ಇಲ್ಲದ ಕಡೆ ಆ ಕೆಲಸ ಕೊಡಬೇಡಿ. ತಪ್ಪಿದರೆ ಡಬ್ಬ ಗೊಂಯ್‌ಗುಡುತ್ತದೆ, ಹಲ್ಲೂ ಬೇಗ ಸವೆಯುತ್ತದೆ.

1967ರ ಡಬ್ಬದ ಮುಂತುದಿಯನ್ನು ಚಾಸಿಗೆ ಹಿಡಿಸುವ ರಬ್ಬರ್ ಮೌಂಟ್ 1966–72ರ ಬಗೆಯದು. ಕಾರು 1965 ಅಥವಾ ಅದಕ್ಕೂ ಹಿಂದಿನದಾದರೆ ನಿಮ್ಮ ಹಳೆಯ ಡಬ್ಬದ ಮೂತಿಯನ್ನೇ (ಮುಂತುದಿಯ ಕವಚ) ಹೊಸದಕ್ಕೆ ಹಾಕಿ, ಹಳೆಯ ಬಗೆಯ ಮೌಂಟ್ ಬಳಸಿ. 1969ರ ನಂತರದ ಅಮೆರಿಕನ್ ಕಾರಿನ ಡಬ್ಬ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದು ಐಆರ್‌ಎಸ್, ಅಂದರೆ ಆಕ್ಸಲ್‌ನ ಎರಡೂ ತುದಿಗೆ ಜಾಯಿಂಟ್ ಇರುವ ಹಿಂಬದಿ ಸಸ್ಪೆನ್ಷನ್‌ನದು; ನಿಮ್ಮ ಕಾರಿನ ಸ್ವಿಂಗ್ ಆಕ್ಸಲ್ (ಒಳತುದಿಯಲ್ಲಿ ಮಾತ್ರ ಬಾಗುವ) ಚಾಸಿಗೆ ಸುಮ್ಮನೆ ಬೋಲ್ಟ್ ಆಗುವುದಿಲ್ಲ. 1200 ಸಿಸಿ, 34 ಎಚ್‌ಪಿ ಎಂಜಿನ್ ಇಟ್ಟುಕೊಂಡೇ ಗುಡ್ಡಗಾಡಿನಲ್ಲಿ ಓಡಿಸುವವರಿಗೂ ನಾವು 4.125 ಹೇಳುವುದಿಲ್ಲ. ಏರಿನಲ್ಲಿ ಟಾಪ್ ಗೇರ್ ಎಳೆಯದೆ ಪದೇ ಪದೇ ಮೂರಕ್ಕೆ ಇಳಿಸಬೇಕಾಗುತ್ತದೆ. 1300ಕ್ಕೆ ಪರವಾಗಿಲ್ಲ, 1500ಕ್ಕೆ ಹೇಳಿ ಮಾಡಿಸಿದ್ದು.

ಗೇರ್ ಎಣ್ಣೆ ಎಸ್‌ಎಇ 90 (ದಪ್ಪ), ಜಿಎಲ್-4 (ದರ್ಜೆ), ಎರಡೂವರೆ ಲೀಟರ್. ಹಳೆಯದನ್ನು ಇಳಿಸುವ ಮುಂಚೆ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ನೋಡಿಕೊಳ್ಳಿ, ಎರಡಕ್ಕೂ 17 ಮಿ.ಮೀ. ಅಲೆನ್ ಕೀ. ಎಣ್ಣೆ ಬೇಗ ಸುರಿದರೆ ಒಂದೂವರೆ ಲೀಟರ್‌ಗೇ ತೂತಿನಿಂದ ಚೆಲ್ಲಿ, ತುಂಬಿತು ಎನ್ನಿಸುತ್ತದೆ. ಕೆಲವು ನಿಮಿಷ ಬಿಟ್ಟು ಉಳಿದದ್ದನ್ನು ಹಾಕಿ, ಮಟ್ಟ ತೂತಿನ ಕೆಳ ಅಂಚಿಗೆ ಬರಬೇಕು.