ಹವ್ಯಾಸಿ ವಿಮಾನ: ನೀವೇ ಕಟ್ಟುವುದೋ, ಬಳಸಿದ್ದನ್ನು ಕೊಳ್ಳುವುದೋ?

ನೀವೇ ಕಟ್ಟಿದರೆ ಪ್ರತಿ ರಿವೆಟ್ ಎಲ್ಲಿದೆ ಎಂದು ನಿಮಗೆ ಗೊತ್ತಿರುತ್ತದೆ. ಆದರೆ ಕಟ್ಟುವ ವರ್ಷಗಳಲ್ಲಿ ಹಾರಾಟದ ಅಭ್ಯಾಸ ತಪ್ಪಿಹೋಗಬಹುದು. ನನಗೆ ಜಾಸ್ತಿ ಭಯ ಇದರದ್ದೇ. ಮೊದಲ ಹಾರಾಟದ ದಿನ ವಿಮಾನವೂ ಹೊಸದು, ಪೈಲಟ್ ಕೈಯೂ ಜಡವಾಗಿರುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2014ರಲ್ಲಿ ಪರೀಕ್ಷಾ ಹಾರಾಟಕ್ಕೆ ಅರ್ಹ ಪೈಲಟ್ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಅದನ್ನು ಬಳಸಿಕೊಳ್ಳಿ.

ಇನ್ನೊಬ್ಬ ಹವ್ಯಾಸಿ ಕಟ್ಟಿ ಬಳಸಿದ ವಿಮಾನದಲ್ಲಿ ಆರಂಭದ ದೋಷಗಳು ಬಹುತೇಕ ಬಯಲಾಗಿರುತ್ತವೆ. ಹಾಗಾಗಿ ಇದೇ ಸುರಕ್ಷಿತ ಅನ್ನಿಸುತ್ತದೆ, ಅಲ್ವಾ? ಅಮೆರಿಕದಲ್ಲಿ ಸಾರಿಗೆ ಅಪಘಾತಗಳನ್ನು ತನಿಖೆ ಮಾಡುವ ಎನ್‌ಟಿಎಸ್‌ಬಿಯ 2012ರ ಅಧ್ಯಯನ ಬೇರೆಯೇ ಹೇಳಿತು. 2011ರಲ್ಲಿ ಅಪಘಾತಕ್ಕೀಡಾದ ಹವ್ಯಾಸಿ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದ ಸ್ಥಿತಿಯಲ್ಲಿ ಕೊಂಡವು. ಹಾರಾಟದಲ್ಲಿ ನಿಯಂತ್ರಣ ತಪ್ಪುವುದು, ಎಂಜಿನ್ ಕೈಕೊಡುವುದು ಮುಖ್ಯ ಕಾರಣಗಳು.

ಯಾಕೆ ಹೀಗೆ? ಒಂದೇ ಮಾದರಿಯ ಎರಡು ವಿಮಾನಗಳೂ ಒಂದೇ ರೀತಿ ಸ್ಟಾಲ್ ಆಗುವುದಿಲ್ಲ (ಸ್ಟಾಲ್ ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕುಸಿಯುವುದು). ರೆಕ್ಕೆಯ ಜೋಡಣೆ, ತೂಕದ ಹಂಚಿಕೆ ಸ್ವಲ್ಪ ಬದಲಾದರೂ ಸಾಕು. ಹಳೇ ಮಾಲೀಕರು ಬರೆದಿಟ್ಟ ಪರೀಕ್ಷಾ ದಾಖಲೆ ಕೇಳಿ. ಅಳೆದ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ಸ್ಟಾಲ್ ಆಗುತ್ತದೆ) ಅದರಲ್ಲಿ ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಕಟ್ಟಲು ತಾಳ್ಮೆಯಿದ್ದು, ಜೊತೆಗೆ ಹಾರಾಟವನ್ನೂ ಬಿಡದವರಿಗೆ ಮೊದಲನೆಯದು. ಉಳಿದವರಿಗೆ ದಾಖಲೆ ಸರಿಯಿರುವ ಬಳಸಿದ ವಿಮಾನ. ಎರಡರಲ್ಲೂ ಅದೇ ಮಾದರಿಯಲ್ಲಿ ತರಬೇತಿ ಪಡೆಯದೆ ಸುಮ್ನೆ ಹತ್ತಬೇಡಿ. ಎತ್ತರ ಕಾಯ್ದುಕೊಂಡು 60 ಡಿಗ್ರಿ ಓರೆಯಾಗಿ ತಿರುಗಿದರೆ ಸ್ಟಾಲ್ ವೇಗ ಸುಮಾರು ಶೇ. 41ರಷ್ಟು ಏರುತ್ತದೆ. ಇಳಿಯುವ ಮೊದಲಿನ ಕೊನೇ ತಿರುವಿನಲ್ಲಿ ಸ್ಟಾಲ್ ಆದರೆ ಸರಿಪಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ.