ಕರೆಂಟ್ ಕಂಬ ಡೊಂಕಾಗಿ ಕಂಡರೆ, ಮೆಸ್ಕಾಂಗೆ ಫೋನ್ ಮಾಡುವ ಮೊದಲು ಇದನ್ನು ಓದಿ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತು. ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನಮ್ಮದು ಉಡುಪಿ ಕಡೆಯ ಶಂಕರಪುರ, ಮನೆ ಹಿಂದೆ ಮೂವತ್ತು ಗಿಡ ಉಂಟು. ಎಡಗಣ್ಣಿಗೆ ಕಸ ಬಿತ್ತು ಅಂತ ಸೆರಗಿನಲ್ಲಿ ಒತ್ತಿಕೊಂಡು, "ಆ ಕರೆಂಟ್ ಕಂಬ ನೋಡು, ನಡುವಲ್ಲಿ ಬಗ್ಗಿದೆ. ಮೆಸ್ಕಾಂನವರಿಗೆ ಫೋನ್ ಮಾಡು" ಅಂದರು. ಕಂಬ ನೆಟ್ಟಗೇ ಇತ್ತು. ನಾನು ನಕ್ಕುಬಿಟ್ಟೆ. ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಎಡಗಣ್ಣು ತೆರೆದರೆ ಕಂಬ ಮತ್ತೆ ಸರಿ. ಕೆಟ್ಟದ್ದು ಬಲಗಣ್ಣು. ಕೆಟ್ಟ ಕಣ್ಣಿನ ತಪ್ಪನ್ನು ಒಳ್ಳೆಯ ಕಣ್ಣು ಮುಚ್ಚಿಡುತ್ತದೆ. ಹಾಗಾಗಿ ಎಷ್ಟು ದಿನದಿಂದ ಹೀಗಿತ್ತೋ ಯಾರಿಗೂ ಗೊತ್ತಿಲ್ಲ. ಕನ್ನಡಕದ ಅಂಗಡಿಯಲ್ಲಿ "ಪೊರೆ ಶುರುವಾಗಿದೆ, ಬಲಿಯಲಿ" ಅಂದರು, ಹೊಸ ಕನ್ನಡಕ ಮಾರಿದರು. ಒಂದು ತಿಂಗಳು ಹೋಯಿತು. ಪೊರೆ ಬಂದರೆ ಮಂಜು ಮಂಜಾಗಿ ಕಾಣುತ್ತದೆ, ನೆಟ್ಟಗಿನ ಗೆರೆ ಬಗ್ಗುವುದಿಲ್ಲ. ಇಷ್ಟು ಆಗ ಗೊತ್ತಿರಲಿಲ್ಲ.

ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ಒಳಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಆಯಿತು. ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಅಡಿಯಲ್ಲಿ ಬೇಡದ ರಕ್ತನಾಳ ಬೆಳೆದು ಸೋರುತ್ತಿದೆ, ಈ ವಾರವೇ ಕಣ್ಣಿಗೆ ಇಂಜೆಕ್ಷನ್ ಕೊಡಬೇಕು ಅಂದರು. ವೆಟ್ ಮ್ಯಾಕ್ಯುಲರ್ ಡಿಜನರೇಶನ್ ಅಂತ ಅದರ ಹೆಸರು. "ಕಣ್ಣಿಗೆ ಸೂಜಿಯಾ?" ಅಂತ ಅಮ್ಮ ಎದ್ದೇ ಬಿಟ್ಟರು. ನಿಜ ಹೇಳಬೇಕೆಂದರೆ ನನಗೂ ಕೈಕಾಲು ತಣ್ಣಗಾಗಿತ್ತು.

ಈ ಹೆದರಿಕೆಯನ್ನೇ ಕಾದು ಕೂತವರಿದ್ದಾರೆ. ಪರಿಚಯದವರೊಬ್ಬರು ಮಂಗಳೂರಿನ ಒಂದು ಜಾಗಕ್ಕೆ ಕಳಿಸಿದರು. "ಸೂಜಿ ಚುಚ್ಚಿಸಿಕೊಂಡರೆ ಇದ್ದ ದೃಷ್ಟಿಯೂ ಹೋಗುತ್ತೆ ಅಮ್ಮಾ. ನಮ್ಮಲ್ಲಿ ಒಂದು ಮಂಡಲದ ಕೋರ್ಸ್, ನರ ತಾನಾಗೇ ಕರಗುತ್ತೆ" ಅಂದರು ಅಲ್ಲಿ. 48 ದಿನಕ್ಕೆ ಹನಿ ಮದ್ದು, ಮಾತ್ರೆ ಡಬ್ಬಿ, 18,500 ರೂಪಾಯಿ. ಬಿಲ್ ಕೇಳಿದ್ದಕ್ಕೆ ಕ್ಯಾಲೆಂಡರ್ ಹಾಳೆಯ ಹಿಂದೆ 'ಕಣ್ಣು, ಕೋರ್ಸ್ 1' ಅಂತ ಬರೆದು ಕೊಟ್ಟರು. ಸಹಿ ಇಲ್ಲ, ಹೆಸರಿಲ್ಲ. ಆಗಲೇ ಎದ್ದು ಬರಬೇಕಿತ್ತು ಅಲ್ವಾ?

ನಲವತ್ತನೇ ದಿನದ ಹೊತ್ತಿಗೆ ಅಮ್ಮ ಎಡಗಣ್ಣು ಮುಚ್ಚಿಕೊಂಡು ನನ್ನನ್ನು ನೋಡಿದರು. "ಕಿವಿ ಕಾಣ್ತದೆ, ಕೂದಲು ಕಾಣ್ತದೆ. ಮುಖ ಇರುವಲ್ಲಿ ಮಸಿ ಮೆತ್ತಿದ ಹಾಗೆ ಉಂಟು."

ಮರುದಿನವೇ ರೆಟಿನಾ ಡಾಕ್ಟರ ಹತ್ತಿರ ಓಡಿದೆವು. ಅವರು ಮಾತ್ರೆ ಡಬ್ಬಿ ತಿರುಗಿಸಿ ಓದಿದರು. ಲ್ಯೂಟಿನ್, ಜಿಯಾಕ್ಸಾಂಥಿನ್, ಸತು, ವಿಟಮಿನ್. ಇವು ಸುಳ್ಳು ಮದ್ದೇನಲ್ಲ. 2013ರಲ್ಲಿ ಫಲಿತಾಂಶ ಬಂದ ಅಮೆರಿಕದ ಏರೆಡ್ಸ್-2 ಅಧ್ಯಯನದಲ್ಲಿ ಇಂಥವನ್ನೇ ನೋಡಿದ್ದರು. ಕಾಯಿಲೆ ಒಣ ಹಂತದಲ್ಲಿದ್ದಾಗ, ಅಂದರೆ ನಾಳ ಸೋರುವ ಮೊದಲು, ಮುಂದೆ ಹೋಗುವುದನ್ನು ಸ್ವಲ್ಪ ನಿಧಾನ ಮಾಡಬಹುದು, ಅಷ್ಟೇ. ಸೋರುವ ನಾಳವನ್ನು ಮಾತ್ರೆಯೂ ನಿಲ್ಲಿಸುವುದಿಲ್ಲ, ಹನಿ ಮದ್ದೂ ನಿಲ್ಲಿಸುವುದಿಲ್ಲ.

ನಾಳ ಬೆಳೆಯುವುದಕ್ಕೆ ವಿಇಜಿಎಫ್ ಅನ್ನುವ ಪ್ರೋಟೀನ್ ಕುಮ್ಮಕ್ಕು ಕೊಡುತ್ತದೆ. ಇಂಜೆಕ್ಷನ್ ಅದನ್ನು ಹಿಡಿದು ಹಾಕುತ್ತದೆ. ಮೊದಲೆಲ್ಲ ಲೇಸರ್‌ನಿಂದ ಸುಡುತ್ತಿದ್ದರು, ಸುಟ್ಟ ಕಡೆ ದೃಷ್ಟಿಯೂ ಹೋಗುತ್ತಿತ್ತು. ಈ ಇಂಜೆಕ್ಷನ್‌ಗಳಲ್ಲಿ ಲುಸೆಂಟಿಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ, ಐಲಿಯಾಗೆ 2011ರಲ್ಲಿ. ದುಡ್ಡಿನ ಚಿಂತೆ ಇದ್ದರೆ ಬಾಯಿಬಿಟ್ಟು ಹೇಳಿ. ಅವಾಸ್ಟಿನ್ ಅಂತ ಕ್ಯಾನ್ಸರಿನ ಮದ್ದು ಉಂಟು, ಅದನ್ನು ಚಿಕ್ಕ ಚಿಕ್ಕ ಡೋಸ್ ಮಾಡಿ ಕಣ್ಣಿಗೂ ಕೊಡುತ್ತಾರೆ. ಎಷ್ಟೋ ಅಗ್ಗ. ದೃಷ್ಟಿಯ ಲೆಕ್ಕದಲ್ಲಿ ಲುಸೆಂಟಿಸ್‌ಗೆ ಸಮ ಅಂತ 2011ರಲ್ಲೇ ದೊಡ್ಡ ಅಧ್ಯಯನದಲ್ಲಿ ಗೊತ್ತಾಗಿದೆ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು.

ಇನ್ನು ಆ ಸೂಜಿ. ಮರಗಟ್ಟುವ ಹನಿ ಹಾಕಿದರು, ಅಯೋಡಿನ್‌ನಿಂದ ತೊಳೆದರು, ರೆಪ್ಪೆಗೆ ಕ್ಲಿಪ್ ಇಟ್ಟರು. ಚುಚ್ಚುವುದು ಕಣ್ಣಿನ ಬಿಳಿ ಭಾಗಕ್ಕೆ. ಮದ್ದು 0.05 ಮಿಲಿಲೀಟರ್, ಒಂದು ಹನಿಯಷ್ಟು. ನಾನು ಹೊರಗೆ ದೇವರ ಹೆಸರು ಹೇಳುತ್ತಾ ಕೂತಿದ್ದೆ, ಅಮ್ಮ ಬಂದು "ಆಯ್ತಾ ಅಂತ ಕೇಳಿದೆ, ಆಗಲೇ ಮುಗಿದಿತ್ತು" ಅಂದರು. ಇದಕ್ಕೆ ಹೆದರಿ ನಾವು ಕಣ್ಣು ಕಳೆದುಕೊಂಡದ್ದು! ಅಪಾಯ ಇಲ್ಲವೆಂದಲ್ಲ. ಆಮೇಲಿನ ದಿನಗಳಲ್ಲಿ ನೋವು, ಕೆಂಪು ಜಾಸ್ತಿಯಾದರೆ, ದೃಷ್ಟಿ ಇಳಿದರೆ, ಅದು ಸೋಂಕಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೋಗಿ.

ಇನ್ನೊಂದು ತಪ್ಪು ಪೂರ್ತಿ ನನ್ನದು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆದ ಮೇಲೆ ಮಸಿ ತಿಳಿಯಾಯಿತು. ಮನೆಯಲ್ಲಿ ಮದುವೆ, ಓಡಾಟ, ಎರಡು ಸಲ ಚೆಕಪ್ ತಪ್ಪಿಸಿದೆ. ಮತ್ತೆ ಸೋರಿತು. ಇಂಜೆಕ್ಷನ್ ನಾಳವನ್ನು ಅಡಗಿಸಿಡುತ್ತದೆ, ಬುಡಸಹಿತ ಕೀಳುವುದಿಲ್ಲ. ಈಗ ಬಲಗಣ್ಣಿನ ನಡುವೆ ಕಲೆ ಕೂತಿದೆ, ಅದು ಹೋಗುವುದಿಲ್ಲ ಅಂದಿದ್ದಾರೆ.

ಅಮ್ಮ ಈಗಲೂ ಮಲ್ಲಿಗೆ ಕಟ್ಟುತ್ತಾರೆ, ಬಾಳೆ ನಾರು ಬೆರಳಿಗೆ ಗೊತ್ತು. ಬೆಳಗ್ಗೆ ಬಚ್ಚಲಲ್ಲಿ ಒಂದೊಂದೇ ಕಣ್ಣು ಮುಚ್ಚಿ ಟೈಲ್ಸಿನ ಗೆರೆ ನೋಡುತ್ತಾರೆ, ಎಡಗಣ್ಣಿನ ಕಾವಲಿಗೆ. ನಿಮ್ಮ ಮನೆಯಲ್ಲಿ ಐವತ್ತು ದಾಟಿದವರಿಗೂ ಇದನ್ನು ಮಾಡಿಸಿ, ಎರಡು ನಿಮಿಷ ಸಾಕು. ಗೆರೆ ಬಗ್ಗಿದರೆ ಸೀದಾ ರೆಟಿನಾ ಡಾಕ್ಟರ ಹತ್ತಿರ, ಅದೇ ವಾರ.

ಹೋದ ವಾರ ಆ ಮಂಗಳೂರಿನವರ ಫೋನ್ ಬಂದಿತ್ತು. ಕೋರ್ಸ್ 2ಕ್ಕೆ ಡಿಸ್ಕೌಂಟ್ ಉಂಟಂತೆ.