ಲಿಂಕನ್ ಟೌನ್ ಕಾರ್: ಹನ್ನೊಂದು ವರ್ಷ, ಒಂದು ಲಕ್ಷ ಮೈಲಿ ಆದಮೇಲೆ

ನಾನು ಈ ಕಾರು ತಗೊಂಡಿದ್ದು ಅಮ್ಮನ ಮಂಡಿ ನೋವಿಗೋಸ್ಕರ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಿಕಪ್ಪು, ತಿರುವಿನಲ್ಲಿ ಹಿಡಿತ, ದೊಡ್ಡ ಸ್ಕ್ರೀನು ಹುಡುಕುವವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ.

2013ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಸಾಗರದಿಂದ ಮಿಶಿಗನ್‌ಗೆ, ನಮ್ಮ ಮನೆಗೆ, ಆರು ತಿಂಗಳಿಗೆ ಅಂತ ಬರುವವರಿದ್ದರು. ಹಿಂದಿನ ಸಲ ಬಂದಾಗ ನಮ್ಮಲ್ಲಿ ಇದ್ದದ್ದು ಒಂದು ಸಣ್ಣ ಸೆಡಾನ್, ಒಂದು ಎಸ್‌ಯುವಿ. ಸೆಡಾನ್‌ನಲ್ಲಿ ಕೂರಬೇಕಾದರೆ ಅಮ್ಮ ತುಂಬಾ ಬಗ್ಗಬೇಕಿತ್ತು. ಎಸ್‌ಯುವಿ ಹತ್ತಬೇಕಾದರೆ ಕಾಲನ್ನು ಕೈಯಲ್ಲಿ ಹಿಡಿದು ಎತ್ತಿ ಇಡಬೇಕಿತ್ತು. ಕೊನೆಕೊನೆಗೆ ಎಲ್ಲಿಗೆ ಹೊರಟರೂ "ನೀವು ಹೋಗಿ ಬನ್ನಿ, ನಾನು ಮನೇಲಿರ್ತೀನಿ" ಅನ್ನಲು ಶುರು ಮಾಡಿದಳು. ಅಷ್ಟು ದೂರದಿಂದ ಬಂದವಳು ಕಿಟಕಿ ಪಕ್ಕ ಕೂತು ರಸ್ತೆ ನೋಡುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ನೋವೈ ಊರಿನಲ್ಲಿ ರಿಟೈರ್ ಆದ ಒಬ್ಬರು ಟೌನ್ ಕಾರ್ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. 2007ರ ಸಿಗ್ನೇಚರ್ ಲಿಮಿಟೆಡ್, ಬೆಳ್ಳಿ ಬಣ್ಣ, 48,000 ಮೈಲಿ ಓಡಿತ್ತು. ಹೊಸದರಲ್ಲಿ 40,000 ಡಾಲರ್‌ಗಿಂತ ಜಾಸ್ತಿ ಇದ್ದ ಗಾಡಿ. ನನಗೆ 11,500ಕ್ಕೆ ಬಂತು. ಅವತ್ತು ನಾನು ಮೊದಲು ಕೂತಿದ್ದು ಡ್ರೈವರ್ ಸೀಟಿನಲ್ಲಿ ಅಲ್ಲ, ಹಿಂದೆ. ಸೀಟು ಕುರ್ಚಿಯಷ್ಟೇ ಹಿತವಾದ ಎತ್ತರ. ಬಾಗಿಲು ಪೂರಾ ಅಗಲಕ್ಕೆ ತೆರೆಯುತ್ತದೆ. ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ನಿಧಾನವಾಗಿ ಒಳಗೆ ತಗೊಳ್ಳಬಹುದು. ಅದನ್ನು ಮೂರು ನಾಲ್ಕು ಸಲ ಮಾಡಿ ನೋಡಿದೆ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿದ್ದು.

ಈಗ 2024. ಮೀಟರ್ 1,52,000 ತೋರಿಸುತ್ತಿದೆ.

ಮನೆಗೆ ತಂದಮೇಲೆ ವಿಂಡ್‌ಶೀಲ್ಡಿನ ಕೆಳಮೂಲೆಯಲ್ಲಿರುವ, ಕಂಪನಿ ಕೊಟ್ಟ ಗುರುತಿನ ನಂಬರ್ (ವಿಐಎನ್) ಓದಿದೆ. ಹನ್ನೊಂದನೇ ಅಕ್ಷರ 'ವೈ'. ಅಂದರೆ ವಿಕ್ಸಮ್ ಫ್ಯಾಕ್ಟರಿಯಲ್ಲಿ ಮಾಡಿದ ಗಾಡಿ. ವಿಕ್ಸಮ್ ನೋವೈ ಪಕ್ಕದ ಊರು, ನಾನು ದಿನಾ ಆ ಹೆದ್ದಾರಿಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. 1957ರಲ್ಲಿ ಶುರುವಾದ ಆ ಫ್ಯಾಕ್ಟರಿ 2007ರಲ್ಲಿ ಮುಚ್ಚಿತು. ನನ್ನ ಕಾರು ಅಲ್ಲಿಂದ ಹೊರಬಿದ್ದ ಕಡೇ ಗಾಡಿಗಳ ಸಾಲಿನದು. ಆಮೇಲೆ ಟೌನ್ ಕಾರ್ ಕೆನಡಾದ ಸೇಂಟ್ ಥಾಮಸ್‌ಗೆ ಹೋಯಿತು, 2011ರಲ್ಲಿ ಪೂರ್ತಿ ನಿಂತಿತು. ಈಗ ವಿಕ್ಸಮ್‌ನಲ್ಲಿ ಆ ಕಟ್ಟಡವೂ ಇಲ್ಲ.

ಪಕ್ಕದೂರಿನವರ ಕೈಯಲ್ಲಿ ಆದದ್ದು ಅಂತ ಗೊತ್ತಾದಮೇಲೆ ಲಿಂಕನ್ ಕಥೆ ಓದುವ ಆಸೆ ಹತ್ತಿತು. ಹೆನ್ರಿ ಲೆಲ್ಯಾಂಡ್ ಅನ್ನುವವರು ಹುಟ್ಟುಹಾಕಿದ ಕಂಪನಿ ಇದು. ಇದಕ್ಕೆ ಮುಂಚೆ ಕ್ಯಾಡಿಲಾಕ್ ಕಟ್ಟಿದ್ದೂ ಅವರೇ. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವನ್ನೂ ಸಹಿಸದ ಮನುಷ್ಯ. 1908ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನೆಲ್ಲಾ ಬೆರೆಸಿ, ಮತ್ತೆ ಜೋಡಿಸಿ ಓಡಿಸಿ ತೋರಿಸಿದ್ದರು. ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವುದು ಆ ಕಾಲಕ್ಕೆ ದೊಡ್ಡ ಸಂಗತಿ. ಮೊದಲ ಮಹಾಯುದ್ಧ ಬಂದಾಗ ವಿಮಾನದ 'ಲಿಬರ್ಟಿ' ಇಂಜಿನ್ ಮಾಡಬೇಕು ಅಂತ 1917ರಲ್ಲಿ, ಕ್ಯಾಡಿಲಾಕ್ ಕೊಂಡುಕೊಂಡಿದ್ದ ಜನರಲ್ ಮೋಟರ್ಸ್ ಬಿಟ್ಟು, ಮಗ ವಿಲ್ಫ್ರೆಡ್ ಜೊತೆ ಹೊಸ ಕಂಪನಿ ತೆರೆದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ತಾವು ಮೊದಲ ಸಲ ಅಧ್ಯಕ್ಷರ ಚುನಾವಣೆಗೆ ಓಟು ಹಾಕಿದ್ದು ಅಬ್ರಹಾಂ ಲಿಂಕನ್‌ಗೆ, 1864ರಲ್ಲಿ. ಅದೇ ಹೆಸರನ್ನು ಕಂಪನಿಗೆ ಇಟ್ಟರು.

ಯುದ್ಧ ಮುಗಿದಮೇಲೆ 1920ರಿಂದ ಕಾರು ಮಾಡಿದರು. ಇಂಜಿನ್ ಒಳ್ಳೇದು, ರೂಪ ಸಪ್ಪೆ, ಸಾಲ ಜಾಸ್ತಿ. 1922ರಲ್ಲಿ ಹೆನ್ರಿ ಫೋರ್ಡ್ 80 ಲಕ್ಷ ಡಾಲರ್‌ಗೆ ಕೊಂಡುಕೊಂಡರು. ಕೆಲವೇ ತಿಂಗಳಲ್ಲಿ ಲೆಲ್ಯಾಂಡ್ ಅಪ್ಪ ಮಗ ಇಬ್ಬರೂ ಹೊರಗೆ ಹೋಗಬೇಕಾಯಿತು. ಅದನ್ನು ಓದುವಾಗ ಈಗಲೂ ನನಗೆ ಬೇಜಾರಾಗುತ್ತದೆ.

ಲಿಂಕನ್‌ಗೆ ಅಂದ ಬಂದದ್ದು ಹೆನ್ರಿ ಫೋರ್ಡ್ ಅವರ ಮಗ ಎಡ್ಸೆಲ್ ಅವರಿಂದ. ಫ್ಲೋರಿಡಾದಲ್ಲಿ ರಜೆ ಕಳೆಯಲು ತನಗೊಂದು ಕಾರು ಬೇಕು ಅಂತ 1939ರಲ್ಲಿ ಡಿಸೈನರ್ ಬಾಬ್ ಗ್ರೆಗೊರಿ ಕೈಲಿ ಮಾಡಿಸಿಕೊಂಡರು. ಅದನ್ನು ನೋಡಿದವರೆಲ್ಲಾ ನನಗೂ ಬೇಕು ಅಂದರಂತೆ. ಅದೇ ಮೊದಲ ಕಾಂಟಿನೆಂಟಲ್. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು 1961ರ ಕಾಂಟಿನೆಂಟಲ್, ಎಲ್ವುಡ್ ಎಂಗೆಲ್ ರೂಪಿಸಿದ್ದು. ಅದರ ಹಿಂದಿನ ಬಾಗಿಲಿನ ಕೀಲು ಹಿಂಭಾಗದಲ್ಲಿದೆ. ಎರಡೂ ಬಾಗಿಲು ತೆರೆದರೆ ನಮ್ಮ ಕಡೆಯ ಜೋಡಿ ಬಾಗಿಲಿನ ಬೀರು ತೆರೆದ ಹಾಗೆ ಕಾಣುತ್ತದೆ. ಶೋಕಿಗೆ ಅಂತ ಮಾಡಿದ್ದಲ್ಲ. ಹಳೇ ಲಿಂಕನ್‌ಗಳಿಗಿಂತ ಕಾರನ್ನು ಚಿಕ್ಕದು ಮಾಡಿದ್ದರು, ಹಿಂದಿನ ಸೀಟಿನಿಂದ ಇಳಿಯುವಾಗ ಕಾಲು ಬಾಗಿಲಿಗೆ ತಾಗುತ್ತಿತ್ತು, ಅದಕ್ಕೆ ಕೀಲನ್ನೇ ತಿರುಗಿಸಿದರು. ಹಿಂದೆ ಕೂರುವವರ ಕಾಲನ್ನು ನೆನೆದು ಬಾಗಿಲು ಮಾಡಿದ ಕಂಪನಿ! ಅಮ್ಮನ ಮಂಡಿ ನೆನಪಿನಲ್ಲಿಟ್ಟುಕೊಂಡು ಇದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಅದೇ 1961ರ ಕಾಂಟಿನೆಂಟಲ್ ಒಂದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಅಧ್ಯಕ್ಷ ಕೆನಡಿ ಅವರಿಗೆ ಗುಂಡು ತಗುಲಿದಾಗ ಕೂತಿದ್ದ ಕಾರು. ಅಪ್ಪನನ್ನು ಟೌನ್ ಕಾರಿನಲ್ಲೇ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. 1963ರಲ್ಲಿ ಅವರು ಕಾಲೇಜಿನಲ್ಲಿದ್ದರು, ಸುದ್ದಿಯನ್ನು ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ್ದರು. ಹಗ್ಗದ ಆಚೆ ನಿಂತು ತುಂಬಾ ಹೊತ್ತು ನೋಡಿದರು. ಆಮೇಲೆ "ಇದರ ಮೇಲೆ ಮುಚ್ಚಳ ಇರ್ಲಿಲ್ಲ ಅಲ್ವೇನೋ?" ಅಂತ ಕೇಳಿದರು. ಪಕ್ಕದ ಫಲಕದಲ್ಲಿ ಉತ್ತರ ಇತ್ತು. ಆ ಘಟನೆ ಆದಮೇಲೆ ಕಾರಿಗೆ ರಕ್ಷಣಾ ಕವಚ, ತೆಗೆಯಲಾಗದ ಮೇಲ್ಛಾವಣಿ ಹಾಕಿ ಮತ್ತೆ ಬಳಸಿದರು, 1977ರ ತನಕ. ಅದೇ ಕಾರು ಸುಮಾರು ಹದಿಮೂರು ವರ್ಷ ಮತ್ತೆ ಓಡಿತು ಅನ್ನುವುದನ್ನು ಅಪ್ಪ ಮನೆಗೆ ಬರುವ ತನಕ ಹೇಳುತ್ತಲೇ ಇದ್ದರು.

ಇನ್ನು ನನ್ನ ಗಾಡಿ. ಉದ್ದ ಸುಮಾರು 5.47 ಮೀಟರ್. 4.6 ಲೀಟರ್ ವಿ-8 ಇಂಜಿನ್, 239 ಎಚ್‌ಪಿ, ನಾಲ್ಕು ಗೇರಿನ ಆಟೊಮ್ಯಾಟಿಕ್, ಹಿಂದಿನ ಚಕ್ರಕ್ಕೆ ಶಕ್ತಿ. ಲಾರಿಗೆ ಇರುವ ಹಾಗೆ ಕೆಳಗೆ ಬೇರೆ ಚಾಸಿ, ಅದರ ಮೇಲೆ ಬಾಡಿ. ಅಮೆರಿಕದ ಪೊಲೀಸರ ಹಳೇ ಕ್ರೌನ್ ವಿಕ್ಟೋರಿಯಾ, ಮರ್ಕ್ಯುರಿ ಗ್ರ್ಯಾಂಡ್ ಮಾರ್ಕ್ವಿಸ್, ಈ ಟೌನ್ ಕಾರ್ ಮೂರೂ ಒಂದೇ ಬೇರಿನವು. ಅದರಿಂದ ಒಂದು ದೊಡ್ಡ ಲಾಭ ಇದೆ. ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತವೆ, ಬೆಲೆ ಕಡಿಮೆ, ಯಾವ ಮೆಕ್ಯಾನಿಕ್‌ಗೂ ಕಲಿಸಿಕೊಡಬೇಕಾಗಿಲ್ಲ.

ಗೇರ್ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲಿದೆ. ಮುಂದೆಯೂ ಮೂವರು ಕೂರುವ ಉದ್ದದ ಸೀಟು. ಅಪ್ಪ ಮೊದಲ ದಿನ ಬಾಗಿಲು ತೆಗೆದವರೇ "ಅರೆ, ಅಂಬಾಸಿಡರ್ ಕಣೋ ಇದು!" ಅಂದರು. ಮದುವೆ ದಿಬ್ಬಣಕ್ಕೆ ಸಾಗರದಿಂದ ಬಾಡಿಗೆ ಅಂಬಾಸಿಡರ್ ಮಾಡಿಕೊಂಡು, ಡ್ರೈವರ್ ಪಕ್ಕ ಮೂವರು ಒತ್ತಿಕೊಂಡು ಕೂತು ಹೋಗುತ್ತಿದ್ದ ಕಾಲ ಅವರದು. ಅಪ್ಪ ಯಾವತ್ತೂ ಮುಂದೆಯೇ ಕೂರುತ್ತಿದ್ದರು. ಹತ್ತಿರದ ದಾರಿಗಾದರೆ ಹೈಸ್ಕೂಲಿನಲ್ಲಿದ್ದ ಮಗ ನಮ್ಮಿಬ್ಬರ ನಡುವೆ ತೂರಿಕೊಳ್ಳುತ್ತಿದ್ದ. ಅಲ್ಲಿ ಸೊಂಟದ ಬೆಲ್ಟ್ ಮಾತ್ರ ಇರೋದು, ಹಾಗಾಗಿ ಹೆದ್ದಾರಿಗೆ ಅವನು ಹಿಂದೆ.

ಓಡಿಸುವ ಅನುಭವ ಹೇಳಬೇಕೆಂದರೆ, ಸ್ಟಿಯರಿಂಗ್ ಹಗುರ, ತಿರುವಿನಲ್ಲಿ ಬಾಡಿ ವಾಲುತ್ತದೆ, ಬೇಗ ಬೇಗ ಲೇನ್ ಬದಲಿಸುವ ಗಾಡಿ ಇದಲ್ಲ. ಅದರ ಗುಣ ಗೊತ್ತಾಗಬೇಕಾದರೆ ದೂರದ ಪ್ರಯಾಣ ಮಾಡಬೇಕು. ಬಂದ ವರ್ಷವೇ ನಯಾಗರಾಕ್ಕೆ ಹೋದೆವು. ಅಪ್ಪ ಅಮ್ಮನಿಗೆ ಕೆನಡಾ ವೀಸಾ ಇರಲಿಲ್ಲ, ಅದಕ್ಕೆ ಟೊಲಿಡೊ, ಕ್ಲೀವ್‌ಲೆಂಡ್, ಈರಿ ಸುತ್ತಿಕೊಂಡು ಬಫಲೊ ಕಡೆಯಿಂದ. ಆರು ಗಂಟೆಗೂ ಮೇಲಿನ ದಾರಿ. ಹಿಂದಿನ ಡಿಕ್ಕಿಯಲ್ಲಿ ಮಡಚಿದ ಗಾಲಿಕುರ್ಚಿ, ಎರಡು ದೊಡ್ಡ ಸೂಟ್‌ಕೇಸ್, ಐಸ್ ಪೆಟ್ಟಿಗೆ, ಕುಕ್ಕರ್, ಅವಲಕ್ಕಿ ಡಬ್ಬ. ಇಷ್ಟಾದರೂ ಜಾಗ ಉಳಿದಿತ್ತು. 21 ಘನ ಅಡಿ ಅಂದರೆ ಎಷ್ಟು ಅಂತ ನನಗೆ ಅವತ್ತು ಗೊತ್ತಾಯಿತು. ಕ್ಲೀವ್‌ಲೆಂಡ್ ದಾಟುವಾಗ ಹಿಂದೆ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಕಾಲು ಚಾಚಿಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಕಾರಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೈಲೇಜ್: ಊರೊಳಗೆ ಗ್ಯಾಲನ್‌ಗೆ 16, ಹೆದ್ದಾರಿಯಲ್ಲಿ 24 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಸುಮಾರು 7ರಿಂದ 10 ಕಿಲೋಮೀಟರ್. ದಿನಾ ಟ್ರಾಫಿಕ್‌ನಲ್ಲಿ ಆಫೀಸಿಗೆ ಓಡಿಸುವವರಿಗೆ ಇದು ದುಬಾರಿ.

ಬಾಗಿಲಿನ ಮೇಲಿನ ನಂಬರ್ ಗುಂಡಿಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಡ್ರೈವರ್ ಬಾಗಿಲಿನಲ್ಲಿ ಐದು ಗುಂಡಿ ಇವೆ. ಕೋಡ್ ಒತ್ತಿದರೆ ಬೀಗ ತೆರೆಯುತ್ತದೆ, ಕೀ ಬೇಡ. 1980ರಿಂದ ಫೋರ್ಡ್ ಬಳಗದ ಕಾರುಗಳಲ್ಲಿ ಇರುವ ಸೌಲಭ್ಯ. ಜನವರಿಯಲ್ಲಿ ಮಿಶಿಗನ್ ಚಳಿಗೆ ಇಂಜಿನ್ ಓಡುತ್ತಾ ಬಿಟ್ಟು, ಬೀಗ ಹಾಕಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಸೀಟು ಬೆಚ್ಚಗಿರುತ್ತದೆ. ಕೋಡ್ ಅಮ್ಮನಿಗೂ ಬಾಯಿಪಾಠ. ದೇವಸ್ಥಾನದಲ್ಲಿ ಆರತಿ ಮುಗಿಯುವ ಮುಂಚೆಯೇ ತಾನೇ ಹೋಗಿ ಬೀಗ ತೆಗೆದು ಕೂತಿರುತ್ತಿದ್ದಳು, ಯಾರನ್ನೂ ಕಾಯಿಸದೆ.

ರಿಪೇರಿ ವಿಚಾರ. ಹಿಂದಿನ ಚಕ್ರಗಳಿಗೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಹಿಂದೆ ಎಷ್ಟೇ ಭಾರ ಹಾಕಿದರೂ ಪಂಪು ಗಾಳಿ ತುಂಬಿ ಗಾಡಿಯನ್ನು ಸಮಕ್ಕೆ ತರುತ್ತದೆ. ಆ ಹಿತಕ್ಕೆ ಅರ್ಧ ಕಾರಣ ಇದೇ. ರಬ್ಬರ್‌ಗೆ ವಯಸ್ಸಾಗುತ್ತದೆ. ಹತ್ತು ವರ್ಷ ಆದಾಗ ಎರಡೂ ಬದಲಿಸಿದೆ. ಒಂದು ಶನಿವಾರ ಬೆಳಿಗ್ಗೆ ನಾನೇ ಕೂತು ಮಾಡಿದ ಕೆಲಸ, ಕಷ್ಟ ಏನಿಲ್ಲ. ಆದರೆ ಇದರಲ್ಲಿ ಒಂದು ಎಚ್ಚರ ಬೇಕು. ಡಿಕ್ಕಿಯ ಎಡಗಡೆ ಈ ಪಂಪಿನ ಸ್ವಿಚ್ ಇದೆ. ಜಾಕ್ ಏರಿಸುವ ಮುಂಚೆ ಅದನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಚಕ್ರ ಜೋತುಬಿದ್ದದ್ದನ್ನು ನೋಡಿ ಗಾಡಿ ತಾನು ಎತ್ತರವಾಗಿದ್ದೇನೆ ಅಂದುಕೊಂಡು ಗಾಳಿ ಬಿಟ್ಟುಬಿಡುತ್ತದೆ. ಒಮ್ಮೆ ಒಂದು ಟೈರ್ ಅಂಗಡಿಯಲ್ಲಿ ಎಷ್ಟು ಹೇಳಿದರೂ ಕೇಳದೆ ಹಾಗೇ ಎತ್ತಿದರು. ಇಳಿಸುವಾಗ ಹೊಸ ಚೀಲ ಮಡಚಿಕೊಂಡು ಹರಿದುಹೋಯಿತು. ದುಡ್ಡೂ ಕೊಡಲಿಲ್ಲ. ಅವತ್ತಿನಿಂದ ಗಾಡಿ ಎತ್ತುವ ತನಕ ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಉಳಿದಂತೆ ಒಂದು ಲಕ್ಷ ಮೈಲಿಗೆ ಸ್ಪಾರ್ಕ್ ಪ್ಲಗ್, ಮುಂದಿನ ಬಾಲ್ ಜಾಯಿಂಟು, ಎರಡು ಸಲ ಬ್ಯಾಟರಿ, ಒಂದು ಕಿಟಕಿ ಮೋಟರ್. ಇಂಜಿನ್ ಬಿಚ್ಚಿಯೇ ಇಲ್ಲ. 5,000 ಮೈಲಿಗೊಮ್ಮೆ ಆಯಿಲ್ ಬದಲಿಸುವುದನ್ನು ಒಂದು ಸಲವೂ ತಪ್ಪಿಸಿಲ್ಲ. ನಿಜವಾದ ಶತ್ರು ರಸ್ತೆಗೆ ಸುರಿಯುವ ಉಪ್ಪು. ಹಿಂದಿನ ಬ್ರೇಕ್ ಪೈಪು ತುಕ್ಕು ತಿಂದು ಬದಲಿಸಬೇಕಾಯಿತು. ಈಗ ಪ್ರತಿ ಅಕ್ಟೋಬರ್‌ನಲ್ಲಿ ಕೆಳಗೆ ಎಣ್ಣೆ ಲೇಪನ ಮಾಡಿಸುತ್ತೇನೆ. ಹಿಮದಲ್ಲಿ ಓಡಿಸಬೇಕಾದರೆ ಸ್ನೋ ಟೈರ್ ಬೇಕೇ ಬೇಕು. ಮೊದಲ ಚಳಿಗಾಲ ಸಾಮಾನ್ಯ ಟೈರಿನಲ್ಲಿ ನಮ್ಮ ಮನೆ ಮುಂದಿನ ಸಣ್ಣ ಏರನ್ನೂ ಹತ್ತಲಿಲ್ಲ. ಟೈರ್ ಬದಲಿಸಿದ ಮಾರನೇ ದಿನ ಆರಾಮಾಗಿ ಹತ್ತಿತು.

ಹಳೇ ಟೌನ್ ಕಾರ್ ಹುಡುಕುತ್ತಿರುವವರಿಗೆ ಎರಡು ಮಾತು. 1996ರಿಂದ 2001ರ ಗಾಡಿಗಳಲ್ಲಿ ಇಂಜಿನ್ ಮೇಲಿನ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚುವ ಭಾಗ) ಬಿರುಕು ಬಿಟ್ಟು ಕೂಲಂಟ್ ಸೋರುವ ವಿಷಯ ಕೋರ್ಟಿನ ತನಕ ಹೋಗಿ ರಾಜಿಯಾಗಿತ್ತು. ಅದನ್ನು ಬದಲಿಸಿದ್ದಾರಾ ನೋಡಿ. 2005ರಿಂದ 2011ರವಕ್ಕೆ, ಉಪ್ಪು ಹಾಕುವ ರಾಜ್ಯಗಳಲ್ಲಿ, ಸ್ಟಿಯರಿಂಗ್ ಶಾಫ್ಟ್ ತುಕ್ಕಿನ ಬಗ್ಗೆ 2013ರಲ್ಲಿ ರೀಕಾಲ್ ಬಂದಿತ್ತು, ಅಂದರೆ ಕಂಪನಿಯೇ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆದಿತ್ತು. ಆ ಕೆಲಸ ಆಗಿದೆಯಾ ಅಂತ ಗಾಡಿಯ ವಿಐಎನ್ ಕೊಟ್ಟು ವಿಚಾರಿಸಿ. ಸಾಧ್ಯ ಆದರೆ 2003ರ ನಂತರದ್ದೇ ತಗೊಳ್ಳಿ. ಆ ವರ್ಷ ಚಾಸಿ, ಸ್ಟಿಯರಿಂಗ್ ಎರಡನ್ನೂ ಹೊಸದು ಮಾಡಿದರು. ಏರ್‌ಪೋರ್ಟ್ ಟ್ಯಾಕ್ಸಿಯಾಗಿ ಓಡಿದ್ದಾ ಅಂತ ಕೇಳುವುದನ್ನು ಮರೆಯಬೇಡಿ. ಹಿಂದಿನ ಬಾಗಿಲಿನ ಒಳಗಿನ ಹಿಡಿಕೆ ಸವೆದಿದ್ದರೆ ಉತ್ತರ ಅಲ್ಲೇ ಸಿಗುತ್ತದೆ.

ಈಗ ಅಮೆರಿಕದಲ್ಲಿ ಲಿಂಕನ್ ಮಾರುವುದೆಲ್ಲಾ ಎಸ್‌ಯುವಿ. 1998ರ ನ್ಯಾವಿಗೇಟರ್ ಎಸ್‌ಯುವಿ ಚೆನ್ನಾಗಿ ಮಾರಾಟ ಆದದ್ದೇ ಆ ದಾರಿಗೆ ಶುರು. ಕಾಂಟಿನೆಂಟಲ್ ಹೆಸರು 2017ರ ಮಾಡೆಲ್‌ನಲ್ಲಿ ಮರಳಿ ಬಂತು. ಎಂಬತ್ತು ವರ್ಷದ ನೆನಪಿಗೆ ಹಳೇ ಥರದ ಜೋಡಿ ಬಾಗಿಲಿನ 80 ಕಾರು ಮಾಡಿದರು, ಒಂದೊಂದಕ್ಕೆ ಒಂದು ಲಕ್ಷ ಡಾಲರ್‌ಗೂ ಮೇಲೆ. 2020ರಲ್ಲಿ ಇಲ್ಲಿ ಸೆಡಾನ್‌ಗಳೆಲ್ಲಾ ನಿಂತವು. ಲಿಂಕನ್‌ನ ಹೊಸ ಎಸ್‌ಯುವಿ ನಾಟಿಲಸ್‌ನಲ್ಲಿ ಒಮ್ಮೆ ಕೂತು ಬಂದೆ. ಒಳಗಿನ ಅಂದ, ಮೌನ, ಆ ಅಗಲದ ಸ್ಕ್ರೀನು ಎಲ್ಲಾ ಮೆಚ್ಚುವಂಥದ್ದೇ. ಆದರೆ ನನಗೆ ಬೇಕಾಗಿದ್ದ ಆ ಒಂದು ಗುಣ, ವಯಸ್ಸಾದವರು ಹತ್ತದೆ ಬಗ್ಗದೆ ಸುಮ್ನೆ ಕೂತುಬಿಡುವ ಹಿಂದಿನ ಸೀಟು, ಈಗ ಈ ಕಂಪನಿಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದು ನನಗೆ ನಿಜವಾಗಿ ನೋವಿನ ಸಂಗತಿ. ನಮ್ಮ ಕನ್ನಡ ಕೂಟದ ಯುಗಾದಿಗೆ ಹೋದರೆ ಊರಿಂದ ಬಂದ ಎಷ್ಟೋ ಅಪ್ಪ ಅಮ್ಮಂದಿರು ಎತ್ತರದ ಗಾಡಿಯ ಬಾಗಿಲು ಹಿಡಿದುಕೊಂಡು, ಒಂದು ಕಾಲು ಮೇಲಿಟ್ಟು, ಮಗ ಬರಲಿ ಅಂತ ನಿಂತಿರುತ್ತಾರೆ.

ಅಪ್ಪ 2019ರಲ್ಲಿ ತೀರಿಕೊಂಡರು. ಮುಂದಿನ ಸೀಟನ್ನು ಅವರು ಹಿಂದಕ್ಕೆ ಸರಿಸಿಕೊಂಡಿದ್ದ ಜಾಗದಲ್ಲೇ ಬಿಟ್ಟಿದ್ದೇನೆ. ಅಮ್ಮ ಬರುವ ಮೇ ತಿಂಗಳು ಒಬ್ಬಳೇ ಬರುತ್ತಿದ್ದಾಳೆ. ಈಗ ಅವಳಿಗೆ ಎಪ್ಪತ್ತೆಂಟು. ಅಷ್ಟರೊಳಗೆ ಹಿಂದಿನ ಎರಡು ಟೈರ್ ಹಾಕಿಸಬೇಕು, ಎ.ಸಿ. ಗ್ಯಾಸ್ ನೋಡಿಸಬೇಕು. ಮೊನ್ನೆ ಫೋನಿನಲ್ಲಿ ಬಾಗಿಲಿನ ಕೋಡ್ ಅದೇ ಇದೆಯಾ ಅಂತ ಕೇಳಿದಳು. ಅದೇ ಇದೆ ಅಂದೆ.